ಡಬ್ಬಿ ಚಿಕ್ಕಪ್ಪನ ಮಾತು

ಕಿವಿಯಣ್ಣ ಆ ಕಚೇರಿಗೆ ಮೊದಲು ಬಂದದ್ದು ಕುರ್ಚಿ ಹೆಣೆಯುವುದಕ್ಕೆ. ಊರಿಗೆಲ್ಲ ನೀರು ಬಿಡುವ ಕಚೇರಿ ಅದು. ಅಲ್ಲಿನ ಬೆತ್ತದ ಕುರ್ಚಿಗಳು ಕೂತವರ ಭಾರಕ್ಕೋ ಕೂತೇ ಇದ್ದವರ ಸೋಮಾರಿತನಕ್ಕೋ ಜೋಲುಬಿದ್ದಿದ್ದವು. ಹುಟ್ಟು ಕುರುಡನಾದ ಅವನು ವರಾಂಡದಲ್ಲಿ ಕಾಲು ಚಾಚಿ ಕೂತು, ಹಳೆಯ ಬೆತ್ತ ಕಿತ್ತು, ನೆನೆಸಿದ ಹೊಸ ಬೆತ್ತವನ್ನು ಬೆರಳಿನಲ್ಲೇ ಅಳೆದು ಹೆಣೆಯುತ್ತಿದ್ದ. ಹೆಣೆಯುತ್ತಲೇ ಕಚೇರಿಯನ್ನು ಕೇಳಿಸಿಕೊಳ್ಳುತ್ತಿದ್ದ. ಒಂದು ದಿನ ಒಳಗಿನ ಫೋನು ಬಡಿದುಕೊಂಡೂ ಬಡಿದುಕೊಂಡೂ ಯಾರೂ ಎತ್ತದೆ ಇದ್ದಾಗ ತಡೆಯಲಾರದೆ ಎದ್ದು ಹೋಗಿ ತಾನೇ ಎತ್ತಿಬಿಟ್ಟ. ಆ ಕಡೆಯವರ ಬೀದಿಯಲ್ಲಿ ಪೈಪು ಒಡೆದಿತ್ತು. ಸಂಜೆ ದೊಡ್ಡ ಸಾಹೇಬರು ಬಂದಾಗ ಬೀದಿ, ಮನೆ, ಒಡೆದ ಜಾಗ ಎಲ್ಲವನ್ನೂ ಒಪ್ಪಿಸಿದ. ಸಾಹೇಬರು ಒಳ್ಳೆಯ ಮನುಷ್ಯ. ಕುರ್ಚಿ ಹೆಣೆಯುವವನನ್ನು ಕರೆದು ಒಳಗೆ ಒಂದು ಸ್ಟೂಲಿನ ಮೇಲೆ ಕೂರಿಸಿದರು, ಫೋನು ಅವನ ಪಾಲಿಗೆ ಬಂತು. ಕಿವಿಯಣ್ಣ ಎಂಬ ಹೆಸರು ಅಲ್ಲಿಯವರು ಇಟ್ಟದ್ದು.

ಅವನ ಹೆಂಡತಿ ಒಂದು ಲಾಂಡ್ರಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು. ಕಲೆ ತೆಗೆಯುವುದರಲ್ಲಿ ಎತ್ತಿದ ಕೈ. ತುಕ್ಕೋ ಎಣ್ಣೆಯೋ ಮಾವಿನ ಸೊನೆಯೋ, ನೋಡಿದ ಕೂಡಲೇ ಅದು ಯಾವುದರ ಕಲೆ, ಎಷ್ಟು ದಿನದ್ದು ಎಂದು ಹೇಳಿಬಿಡುತ್ತಿದ್ದಳು. ಇವನನ್ನೇ ಮದುವೆಯಾಗುತ್ತೇನೆ ಎಂದು ಅವಳು ಹಟ ಹಿಡಿದಾಗ ಅವಳ ಅಪ್ಪ, ಕಂಡೂ ಕಂಡೂ ಬಾವಿಗೆ ಬೀಳುತ್ತೀಯಲ್ಲ ಎಂದು ಹಣೆ ಚಚ್ಚಿಕೊಂಡಿದ್ದರು. ಅವರು ನೀರಿನ ಕಚೇರಿಯವರೇ ಅಲ್ಲವಾ, ಬಿದ್ದರೆ ಎತ್ತುತ್ತಾರೆ ಬಿಡಿ ಎಂದಳಂತೆ ಇವಳು. ಮಾವ ನಗಲಿಲ್ಲ. ಮಗಳ ಮನೆಯ ಹೊಸ್ತಿಲು ತುಳಿಯಲೂ ಇಲ್ಲ. ಸ್ಟೂಲಿನ ಮೇಲೆ ಕೂತು ಫೋನು ಕಾಯುವವನ ಮನೆಗೆ ತಾನು ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಆ ಮಾತು ಕಿವಿಯಣ್ಣನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಮುಳ್ಳು ತೆಗೆದದ್ದು ಕಂಪ್ಯೂಟರು.

ಮೊದಲ ಯಂತ್ರ ಕಚೇರಿಗೆ ಬಂದಾಗ ಎಲ್ಲರಿಗೂ ಅದರ ಭಯ. ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಗೆರೆ, ಅಷ್ಟೆ. ಅದು ಏನನ್ನೂ ತೋರಿಸುವುದಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೇಳಬೇಕಾದ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿ ಟೈಪು ಮಾಡಬೇಕು. ಯಂತ್ರದ ಒಳಗಿನ ಸಂಸಾರವನ್ನೆಲ್ಲ ನಡೆಸುವುದಕ್ಕೆ ಆಪರೇಟಿಂಗ್ ಸಿಸ್ಟಂ ಎಂಬ ಯಜಮಾನತಿ ಒಬ್ಬಳಿರುತ್ತಾಳೆ, ಅವಳ ಹೆಸರು ಡಾಸ್ ಎಂದು ಯಂತ್ರ ಕೂರಿಸಲು ಬಂದವನು ವಿವರಿಸಿದ. ಈ ಯಜಮಾನತಿಗೆ ಸಲಿಗೆಯೇ ಇಲ್ಲ, ಒಂದು ಚುಕ್ಕಿ ತಪ್ಪಿದರೂ ಮುಖ ತಿರುಗಿಸುತ್ತಾಳೆ ಎಂದು ಗುಮಾಸ್ತರು ಗೊಣಗಿದರು.

ಕಿವಿಯಣ್ಣನಿಗೆ ಅದೇ ಹಿಡಿಸಿತು. ಹುಟ್ಟಿದಾಗಿನಿಂದ ಅವನ ಲೋಕವೇ ಹಾಗಿತ್ತು. ಕೇಳದೆ ಯಾವುದೂ ತಾನಾಗಿ ಕಾಣಿಸಿಕೊಂಡದ್ದಿಲ್ಲ. ಅವನು ಓದಿದ ಅಂಧರ ಶಾಲೆಯ ಮೇಷ್ಟ್ರು ಎಲ್ಲಿಂದಲೋ ಒಂದು ಪೆಟ್ಟಿಗೆ ತರಿಸಿಕೊಟ್ಟರು. ಇಟ್ಟಿಗೆಯಷ್ಟು ಉದ್ದದ ತಗಡಿನ ಡಬ್ಬಿ, ಮುಂದೆ ತೂತು ತೂತಿನ ಜಾಲರಿ. ಯಂತ್ರದ ಹಿಂದೆ ಸಿಕ್ಕಿಸಿದರೆ ಪರದೆಯ ಮೇಲೆ ಬಂದ ಅಕ್ಷರವನ್ನೆಲ್ಲ ಓದುತ್ತಿತ್ತು. ಓದುವುದೆಂದರೆ ಏನು ಓದು! ನೆಗಡಿಯಾದವನೊಬ್ಬ ಬಕೆಟ್ಟಿನೊಳಗೆ ತಲೆಯಿಟ್ಟು ಇಂಗ್ಲಿಷು ಮಾತಾಡಿದ ಹಾಗೆ. ಬೇರೆಯವರಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಕಿವಿಯಣ್ಣ ಮಾತ್ರ ಒಂದು ಕಿವಿಯನ್ನು ಡಬ್ಬಿಗೆ, ಇನ್ನೊಂದನ್ನು ಫೋನಿಗೆ ಕೊಟ್ಟು, ದೂರು ಹೇಳುವವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವರ ಬೀದಿ, ಮನೆ, ತೊಂದರೆಯನ್ನು ಯಂತ್ರದೊಳಗೆ ಇಳಿಸಿರುತ್ತಿದ್ದ. ಯಾವ ದೂರು ಎಲ್ಲಿಗೆ ಬಂತು ಎಂದು ಸಾಹೇಬರು ಕೇಳಿದರೆ ಬೆರಳು ಆಡಿಸುತ್ತಿದ್ದ, ಡಬ್ಬಿ ಗೊರಗೊರ ಎನ್ನುತ್ತಿತ್ತು, ಉತ್ತರ ಬರುತ್ತಿತ್ತು. ಅವನ ಹೆಸರಿಗೆ ಕಂಪ್ಯೂಟರ್ ಆಪರೇಟರ್ ಎಂದು ಆದೇಶ ಬಂದ ವಾರವೇ ಮಾವ ಒಂದು ಬುಟ್ಟಿ ಹಣ್ಣು ಹಿಡಿದು ಮನೆಗೆ ಬಂದರು. ಅಳಿಯಂದಿರು ಎಂದು ಬಹುವಚನದಲ್ಲಿ ಕರೆದರು. ಕಿವಿಯಣ್ಣ ಸುಮ್ಮನೆ ತಲೆಯಾಡಿಸಿದ.

ಒಂದು ಸಲ ಮಗಳನ್ನು ಕಚೇರಿಗೆ ಕರೆದುಕೊಂಡು ಹೋಗಿದ್ದ. ಆ ಪುಟ್ಟ ಹುಡುಗಿ ಡಬ್ಬಿಯ ಮಾತು ಕೇಳಿ ನಕ್ಕೂ ನಕ್ಕೂ ಅದಕ್ಕೆ ಡಬ್ಬಿ ಚಿಕ್ಕಪ್ಪ ಎಂದು ಹೆಸರಿಟ್ಟಳು. ಚಿಕ್ಕಪ್ಪ ಅಂದಮೇಲೆ ಸಂಬಂಧ ಸುಮ್ಮನೆ ಬಿಡುತ್ತದೆಯೇ? ಹೆಂಡತಿ ಅದನ್ನು ಮೈದುನನನ್ನಾಗಿ ಒಪ್ಪಿಕೊಂಡಳು. ಸಂಜೆ ಅವನು ಬಂದು ಚಪ್ಪಲಿ ಬಿಡುವ ಹೊತ್ತಿಗೆ ಒಳಗಿನಿಂದ ಪ್ರಶ್ನೆ ಬರುತ್ತಿತ್ತು.

"ಏನ್ರೀ, ನಿಮ್ಮ ತಮ್ಮ ಏನಂದ ಇವತ್ತು?"

ಅವನು ಡಬ್ಬಿಯ ದನಿಯಲ್ಲೇ ಹೇಳುತ್ತಿದ್ದ. ಇವತ್ತು ಸಾಹೇಬರ ಹೆಸರನ್ನೇ ತಪ್ಪು ಓದಿದ, ಇವತ್ತು ಮುನಿಸಿಕೊಂಡು ಅರ್ಧ ಗಂಟೆ ಬಾಯಿಬಿಡಲಿಲ್ಲ, ಇವತ್ತು ಬ್ಯಾಡ್ ಕಮಾಂಡ್ ಎಂದು ನನ್ನನ್ನೇ ಗದರಿದ. ಮಗಳಿಗೆ ಮಲಗು ಎಂದರೆ ಅವಳೂ ಮೂಗು ಹಿಡಿದುಕೊಂಡು ಬ್ಯಾಡ್ ಕಮಾಂಡ್ ಎನ್ನುತ್ತಿದ್ದಳು. ಮೂವರ ಆ ಮನೆಗೆ ನಾಲ್ಕನೆಯವನಾಗಿ ಅವನೂ ಸೇರಿಕೊಂಡಿದ್ದ.

ಕಾಲ ಹಾಗೆಯೇ ಇದ್ದಿದ್ದರೆ ಈ ಕತೆ ಹೇಳುವ ಅಗತ್ಯ ಬರುತ್ತಿರಲಿಲ್ಲ. ಡಾಸ್‌ನ ಮೇಲೆ ವಿಂಡೋಸ್ ಎಂಬ ಹೊಸದೊಂದು ಬಂತು. ಈಗ ಬಾಯಿಪಾಠ ಬೇಡ, ಪರದೆಯ ತುಂಬ ಪುಟ್ಟ ಪುಟ್ಟ ಚಿತ್ರ, ಮೌಸು ಹಿಡಿದು ಚಿತ್ರದ ಮೇಲೆ ಒತ್ತಿದರೆ ಸಾಕು. ಗುಮಾಸ್ತರಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಡಬ್ಬಿ ಚಿಕ್ಕಪ್ಪನಿಗೆ ಅಕ್ಷರ ಗೊತ್ತಿತ್ತೇ ಹೊರತು ಚಿತ್ರ ಗೊತ್ತಿರಲಿಲ್ಲ. ಚಿತ್ರದ ಮುಂದೆ ಅವನು ಮೂಕ. ಮೊದಮೊದಲು ಅದೇನೂ ತೊಂದರೆ ಕೊಡಲಿಲ್ಲ. ವಿಂಡೋಸ್ ಆಗ ಡಾಸ್‌ನ ಮೇಲೆ ಹೊದೆಸಿದ ಹೊದಿಕೆಯಷ್ಟೆ, ಕರೆಯದೆ ಬರುತ್ತಿರಲಿಲ್ಲ. ಕಿವಿಯಣ್ಣ ಕರೆಯಲೇ ಇಲ್ಲ. ಎಲ್ಲರೂ ಮೇಲಂತಸ್ತಿಗೆ ಹೋದರು, ಅವನು ಕೆಳಗಿನ ಹಳೆಯ ನೆಲದ ಮೇಲೆಯೇ ತನ್ನ ಕೆಲಸ ಮಾಡಿಕೊಂಡಿದ್ದ. ಎದುರು ಮೇಜಿನ ಅಕ್ಕ ಒಮ್ಮೆ, ನಮಗೆಲ್ಲ ಬಂದಿರೋ ಹೊಸದು ನಿಮಗೆ ಬೇಡವಾ ಎಂದು ಕೇಳಿದಾಗ, ಇದೇ ಸಾಕು ಬಿಡಿ ಎಂದು ನಕ್ಕಿದ್ದ.

ಆಮೇಲೆ ಬಂದದ್ದು ಇನ್ನೂ ದೊಡ್ಡ ವಿಂಡೋಸ್. ಯಂತ್ರ ಹಚ್ಚಿದ ಕೂಡಲೇ ಅದೇ ಎದುರಿಗೆ ಬಂದು ನಿಲ್ಲುತ್ತಿತ್ತು. ದೂರು ಬರೆದುಕೊಳ್ಳುವ ಪ್ರೋಗ್ರಾಂ ಸಹ ಅದಕ್ಕೆ ತಕ್ಕಂತೆ ಪೂರ್ತಿ ಹೊಸದಾಗಿ, ಚಿತ್ರ ಮತ್ತು ಗುಂಡಿಗಳಿಂದ ತುಂಬಿ ಬಂತು. ಹೊಸ ಯಂತ್ರಗಳು ಒಂದೊಂದಾಗಿ ಬರತೊಡಗಿದಾಗ ದೊಡ್ಡ ಸಾಹೇಬರಿಗೆ ಒಂದು ಒಳ್ಳೆಯ ಯೋಚನೆ ಬಂತು. ನಮ್ಮ ದುಃಖಗಳಲ್ಲಿ ಅರ್ಧದಷ್ಟು ಯಾರದೋ ಒಳ್ಳೆಯ ಯೋಚನೆಯಿಂದಲೇ ಬರುತ್ತವೆ. ಮೊದಲ ಯಂತ್ರ ಈ ಕಚೇರಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವನಿಗೆ ಸಿಗಬೇಕು ಎಂದು ಅವರು ತೀರ್ಮಾನಿಸಿದರು.

ಕಿವಿಯಣ್ಣ ಬೆಳಿಗ್ಗೆ ಬಂದು ಕೂತಾಗ ಮೇಜಿನ ಮೇಲೆ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಡಬ್ಬಿ ಇರಬೇಕಾದ ಜಾಗದಲ್ಲಿ ಕೈಯಿಟ್ಟರೆ ಒರೆಸಿಟ್ಟ ಮೇಜು. ಸುತ್ತಲೂ ಎಲ್ಲರೂ ನಿಂತಿದ್ದರು, ಅವರ ಉಸಿರಿನಲ್ಲೇ ಗೊತ್ತಾಯಿತು. ಸಾಹೇಬರು ನಾಲ್ಕು ಮಾತಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಬಲಗೈಗೆ ಒಂದು ಮೌಸನ್ನು ಯಾರೋ ಪ್ರೀತಿಯಿಂದ ಹಿಡಿಸಿದರು. ಯಂತ್ರ ಕೂರಿಸಲು ಬಂದಿದ್ದ ಎಂಜಿನಿಯರ್ ಬಗ್ಗಿ ಅವನ ಕಿವಿಯ ಹತ್ತಿರ ಕೇಳಿದ.

"ಸಾರ್, ನಿಮಗೆ ಬೇರೆ ಏನಾದ್ರೂ ಹಾಕ್ಕೊಡ್ಬೇಕಾ? ಕೇಳಿ ಪರವಾಗಿಲ್ಲ."

ಕೇಳಬಹುದಿತ್ತು. ಆದರೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಇಷ್ಟು ಜನ ಇಷ್ಟು ಸಂತೋಷದಿಂದ ಕೊಟ್ಟದ್ದನ್ನು ಇದು ನನ್ನ ಪಾಲಿಗೆ ಮೂಕ ಎಂದು ಹೇಗೆ ಹೇಳುವುದು? ಜೀವಮಾನವೆಲ್ಲ ನನಗೆ ವಿಶೇಷ ಏನೂ ಬೇಡ ಎಂದು ತೋರಿಸಿಕೊಳ್ಳುವುದಕ್ಕೇ ಅವನು ಹೆಣಗಿದ್ದ.

"ಇಲ್ಲ ಇಲ್ಲ, ಎಲ್ಲಾ ಸರಿ ಇದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಜಿನಿಯರ್ ಚೀಲ ಎತ್ತಿಕೊಂಡು ಹೊರಟ. ಹಳೆಯ ಯಂತ್ರ ಗುಜರಿಗೆ ಹೋಯಿತು. ಡಬ್ಬಿಯನ್ನು ಮಾತ್ರ ಎದುರು ಮೇಜಿನ ಅಕ್ಕ ತೆಗೆದಿಟ್ಟು ಅವನ ಕೈಗೆ ಕೊಟ್ಟಳು. ಹೊಸ ಯಂತ್ರಕ್ಕೆ ಅದನ್ನು ಸಿಕ್ಕಿಸಿ ನೋಡಿದ. ಗೊರ್ ಎನ್ನಲೂ ಇಲ್ಲ.

ಆ ಮೇಲಿನ ದಿನಗಳಲ್ಲಿ ಕಿವಿಯಣ್ಣ ಮಾಡಿದ ಕೆಲಸ ನೆನೆದರೆ ನಗು ಬರುತ್ತದೆ, ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಗುತ್ತದೆ. ಅವನು ಟೈಪು ಮಾಡುತ್ತಿರುವ ಹಾಗೆ ಕೀಲಿಗಳನ್ನು ಟಕಟಕ ಎನಿಸುತ್ತಿದ್ದ. ಫೋನಿನಲ್ಲಿ ಬಂದ ದೂರುಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಊಟದ ಹೊತ್ತಿಗೆ ಎದುರು ಮೇಜಿನ ಅಕ್ಕನಿಗೆ ಪಿಸುಮಾತಿನಲ್ಲಿ ಹೇಳುತ್ತಿದ್ದ, ಅವಳು ತನ್ನ ಯಂತ್ರದಲ್ಲಿ ಬರೆಯುತ್ತಿದ್ದಳು. ಆ ಅಕ್ಕ ಜ್ವರ ಬಂದು ರಜೆ ಹಾಕಿದಾಗ ಬೇರೆ ಯಾರಿಗೂ ಹೇಳಲು ನಾಲಗೆ ಏಳಲಿಲ್ಲ. ನಾಳೆ ಬರುತ್ತಾಳೆ, ನಾಡಿದ್ದು ಬರುತ್ತಾಳೆ ಎಂದು ಕಾದ. ಕೊನೆಗೆ ಬಂದದ್ದು ಒಂದು ಬೀದಿಯ ಹೆಂಗಸರು, ಖಾಲಿ ಕೊಡ ಹಿಡಿದುಕೊಂಡು. ದಿನಾ ಫೋನ್ ಮಾಡ್ತಾನೇ ಇದ್ದೀವಿ, ಬರ್ಕೊಂಡೆ ಅಂತ ಒಬ್ಬರು ಹೇಳ್ತಾನೇ ಇದ್ದಾರೆ, ನೀರು ಮಾತ್ರ ಇಲ್ಲ ಎಂದು ಅವರು ಜಗಲಿಯಲ್ಲಿ ಕೊಡಗಳನ್ನು ಕುಕ್ಕಿದರು. ಖಾಲಿ ಕೊಡದ ಆ ಸದ್ದು ಕಿವಿಯಣ್ಣನ ಕಿವಿಯಿಂದ ಕೊನೆತನಕ ಹೋಗಲಿಲ್ಲ.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲು ಹಾಕಿಕೊಂಡು, ಮೊದಲೇ ಹೇಳಬಾರದಿತ್ತಾ ಎಂದಷ್ಟೇ ಕೇಳಿದರು. ಸ್ವಲ್ಪ ದಿನ ಟಪಾಲು ವಿಭಾಗದಲ್ಲಿ ಇರಿ, ಏನಾದರೂ ದಾರಿ ನೋಡೋಣ ಎಂದರು. ಟಪಾಲು ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಗೂಡು, ಒಂದು ಸ್ಟೂಲು, ಒಂದು ಮೊಹರು, ಒಂದು ಸ್ಟಾಂಪ್ ಪ್ಯಾಡು. ಹೊರಗೆ ಹೋಗುವ ಲಕೋಟೆಗಳ ಮೂಲೆಯನ್ನು ಬೆರಳಿನಿಂದ ಹುಡುಕಿ ಧಪ್ಪೆಂದು ಮೊಹರು ಒತ್ತುವುದು. ಸ್ವಲ್ಪ ದಿನ ಎಂಬುದು ವರ್ಷಗಳಾದವು. ಸಾಹೇಬರು ನಿವೃತ್ತರಾದರು, ದಾರಿ ನೋಡುವವರೂ ಹೋದರು. ಮೇಲಿನ ಯಂತ್ರಗಳು ಮತ್ತೆ ಬದಲಾದವು, ಅವುಗಳ ಆಪರೇಟಿಂಗ್ ಸಿಸ್ಟಂ ಮತ್ತೆ ಮತ್ತೆ ಹೊಸದಾಯಿತು, ಅಡಿಯಲ್ಲಿದ್ದ ಡಾಸ್‌ನ ಹಳೆಯ ನೆಲವನ್ನೂ ಕೊನೆಗೆ ಅಗೆದು ತೆಗೆದರಂತೆ. ಅದೆಲ್ಲ ಮೆಟ್ಟಿಲು ಹತ್ತಿ ಇಳಿಯುವವರ ಮಾತಿನಲ್ಲಿ ಅವನ ಕಿವಿಗೆ ಬೀಳುತ್ತಿತ್ತು.

ಮನೆಯಲ್ಲಿ ಮಾತ್ರ ಅವನು ಹೇಳಲಿಲ್ಲ. ಹೇಳುವುದಾದರೂ ಹೇಗೆ? ಮಾವ ತೀರಿಕೊಳ್ಳುವ ಮುಂಚೆ ಅವನ ಕೈ ಹಿಡಿದು, ನನ್ನ ಮಗಳು ಬಾವಿಗೆ ಬೀಳಲಿಲ್ಲ ಎಂದಿದ್ದರು. ಹೆಂಡತಿ ಲಾಂಡ್ರಿಯಲ್ಲಿ ನಮ್ಮವರು ಕಂಪ್ಯೂಟರಿನಲ್ಲಿದ್ದಾರೆ ಎಂದು ಹೇಳುವಾಗ ಅವಳ ದನಿ ಒಂದು ಮೆಟ್ಟಿಲು ಮೇಲೇರುವುದನ್ನು ಅವನೇ ಕೇಳಿದ್ದ. ಅವಳ ಕಣ್ಣಿನಲ್ಲಿ ತಾನು ಮತ್ತೆ ಸ್ಟೂಲಿನ ಮೇಲೆ ಕೂರುವುದು ಅವನಿಗೆ ಬೇಡವಾಗಿತ್ತು. ಹಾಗಾಗಿ ಡಬ್ಬಿಯನ್ನು ಊಟದ ಡಬ್ಬಿಯ ಜೊತೆ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ, ವಾಪಸು ತರುತ್ತಿದ್ದ. ದಿನಾ ಯಾಕೆ ಮನೆಗೆ ತರುತ್ತೀರಿ ಎಂದು ಅವಳು ಕೇಳಿದರೆ ರಿಪೇರಿಗೆ ಎಂದೊಮ್ಮೆ, ಕಳ್ಳರ ಕಾಟ ಎಂದೊಮ್ಮೆ ಹೇಳಿದ್ದ. ಸಂಜೆ ಕಚೇರಿಯ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತಿಕ್ಕಿ, ಮೂಗಿಗೆ ಹಿಡಿದು, ಪ್ಯಾಡಿನ ವಾಸನೆ ಪೂರ್ತಿ ಹೋಗಿದೆ ಎಂದು ಗೊತ್ತಾದ ಮೇಲೆಯೇ ಮನೆಗೆ ಹೊರಡುತ್ತಿದ್ದ.

"ಏನ್ರೀ, ನಿಮ್ಮ ತಮ್ಮ ಏನಂದ ಇವತ್ತು?"

ಪ್ರಶ್ನೆ ಒಂದು ದಿನವೂ ತಪ್ಪಲಿಲ್ಲ. ಮೆಟ್ಟಿಲ ಕೆಳಗೆ ಕೂತು ಮೊಹರು ಒತ್ತುತ್ತ ಅವನು ಅದಕ್ಕೆ ಉತ್ತರ ಕಟ್ಟುತ್ತಿದ್ದ. ಇವತ್ತು ತಮ್ಮನಿಗೆ ಗಂಟಲು ಕೆಟ್ಟಿದೆ, ಇವತ್ತು ಹೊಸ ಸಾಹೇಬರಿಗೆ ಹೆದರಿ ಮೆಲ್ಲಗೆ ಮಾತಾಡಿದ. ಅವಳು ನಗುತ್ತಿದ್ದಳು. ಕೈ ತೊಳೆಯುವಾಗ ಅರ್ಧ ನಿಂಬೆಹಣ್ಣು ಕೊಟ್ಟು, ಕಚೇರಿ ಧೂಳು ಕೆಟ್ಟದ್ದು, ಚೆನ್ನಾಗಿ ಉಜ್ಜಿಕೊಳ್ಳಿ ಎನ್ನುತ್ತಿದ್ದಳು. ಒಮ್ಮೆ ಮಗಳು ಅವನ ಕೈ ಹಿಡಿದು, ಅಪ್ಪ ನಿಮ್ಮ ಕೈ ಎಂದು ಏನೋ ಹೇಳಹೊರಟಾಗ ಅಡುಗೆಮನೆಯಿಂದ ಅವಳಿಗೆ ಜೋರಾಗಿ ಕರೆ ಬಂತು. ಹುಡುಗಿ ಮಾತು ಅರ್ಧಕ್ಕೇ ಬಿಟ್ಟು ಓಡಿದಳು. ಕಿವಿಯಣ್ಣ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಿವೃತ್ತಿಯೂ ಆಯಿತು. ಅವತ್ತು ಡಬ್ಬಿಯನ್ನು ಕೊನೆಯ ಸಲ ಮನೆಗೆ ತಂದು, ಇವನಿಗೂ ವಯಸ್ಸಾಯಿತು ಎಂದು ಬೀರುವಿನ ಮೇಲೆ ಇಟ್ಟ. ಅವಳು ಡಬ್ಬಿಯನ್ನು ಬಟ್ಟೆಯಿಂದ ಒರೆಸಿದ ಸದ್ದು ಕೇಳಿಸಿತು. ಅವಳು ಆಮೇಲೆ ಬಹಳ ಕಾಲ ಬದುಕಲಿಲ್ಲ. ಕೆಮ್ಮು ಎಂದು ಮಲಗಿದವಳು ಏಳಲಿಲ್ಲ. ಸತ್ಯ ಹೇಳಿಬಿಡೋಣ ಎಂದು ಅವಳ ಹಾಸಿಗೆಯ ಪಕ್ಕ ಎಷ್ಟೋ ಸಲ ಬಾಯಿ ತೆರೆದು, ಈಗ ಇವಳಿಗೆ ಯಾಕೆ ಈ ಸಂಕಟ ಎಂದು ಮುಚ್ಚಿಕೊಂಡ. ಅವಳು ಹೋದ ಮೇಲೆ ಆ ಮಾತು ಅವನೊಳಗೇ ಉಳಿಯಿತು.

ಮಗಳು ಈಗ ಒಂದು ಶಾಲೆಯಲ್ಲಿ ಟೀಚರ್. ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂತೇ ಇರುತ್ತಾರೆ ಎಂದು ಒಂದು ಭಾನುವಾರ ತನ್ನ ಹಳೆಯ ಲ್ಯಾಪ್‌ಟಾಪು ತಂದು ಅವನ ತೊಡೆಯ ಮೇಲಿಟ್ಟಳು. ಮೂರು ಕೀಲಿ ಒಟ್ಟಿಗೆ ಒತ್ತಿದಳು. ಯಂತ್ರ ಮಾತಾಡಿತು. ಬಕೆಟ್ಟಿನ ದನಿಯಲ್ಲ, ಸ್ಪಷ್ಟವಾದ ಹೆಂಗಸಿನ ದನಿ. ಯಾವ ಚಿತ್ರ, ಯಾವ ಗುಂಡಿ, ಅದರ ಹೆಸರೇನು, ಎಲ್ಲ ಹೇಳುತ್ತ ಹೋಯಿತು.

"ಇದಕ್ಕೆ ಡಬ್ಬಿ ಎಲ್ಲಿ?" ಎಂದ ಕಿವಿಯಣ್ಣ, ಯಂತ್ರದ ಅಂಚನ್ನೆಲ್ಲ ತಡವುತ್ತ.

"ಡಬ್ಬಿ ಬೇಡಪ್ಪ. ಈಗ ವಿಂಡೋಸ್ ಜೊತೇಲೇ ಬರುತ್ತೆ, ಒಳಗೇ ಇರುತ್ತೆ."

ಯಾವಾಗಿನಿಂದ ಎಂದು ಅವನು ಕೇಳಿದ. ಅವಳು ತಡವರಿಸುತ್ತ ಹೇಳಿದಳು. ಇಷ್ಟು ಚೆನ್ನಾಗಿ ಮಾತಾಡುವುದು ಈಚೆಗೆ. ತೊದಲುವಂಥದ್ದು ಒಂದು ಎಷ್ಟೋ ವರ್ಷದಿಂದ ಇತ್ತು, ಅವನ ಕಚೇರಿಯಲ್ಲಿ ಕೊನೆಕೊನೆಗೆ ಇದ್ದ ಯಂತ್ರಗಳಲ್ಲೂ ಇದ್ದಿರಬೇಕು. ಬೇರೆಯಾಗಿ ತಂದು ಹಾಕುವಂಥದ್ದು ಅದಕ್ಕೂ ಮುಂಚೆಯೇ ಇತ್ತು. ಕಿವಿಯಣ್ಣ ಲೆಕ್ಕ ಹಾಕಿದ. ಅವನು ಮೆಟ್ಟಿಲ ಕೆಳಗೆ ಕೂತಿದ್ದಾಗ, ತಲೆಯ ಮೇಲಿನ ಮಾಳಿಗೆಯಲ್ಲಿ ಅಷ್ಟೂ ಯಂತ್ರಗಳ ಹೊಟ್ಟೆಯೊಳಗೆ ಒಂದೊಂದು ದನಿ, ಯಾರಾದರೂ ಕೇಳಲಿ ಎಂದು ಕಾದು ಕೂತಿತ್ತು. ಎಂಜಿನಿಯರ್ ಕೇಳಿದ್ದ. ಎಲ್ಲಾ ಸರಿ ಇದೆ ಎಂದವನು ತಾನು.

ಅವನಿಗೆ ಅಳು ಬಂತು. ಇನ್ನು ಮುಚ್ಚಿಡುವುದಕ್ಕೆ ಯಾರಿದ್ದಾರೆ ಎನಿಸಿ ಮಗಳಿಗೆ ಎಲ್ಲ ಹೇಳಿದ. ಚಪ್ಪಾಳೆ, ಕೊಡದ ಹೆಂಗಸರು, ಮೆಟ್ಟಿಲ ಕೆಳಗಿನ ಗೂಡು, ಅಷ್ಟು ವರ್ಷ ಸಂಜೆ ಸಂಜೆ ಹೇಳಿದ ಸುಳ್ಳು. ನಿಮ್ಮಮ್ಮನಿಗೆ ಮೋಸ ಮಾಡಿಬಿಟ್ಟೆ, ಅವಳು ನಂಬಿಕೊಂಡೇ ಹೋದಳು ಎಂದ.

ಮಗಳು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಪ್ಪ, ನಿಮ್ಮ ಬೆರಳು ದಿನಾ ನೇರಳೆ ಬಣ್ಣ ಆಗಿರ್ತಿತ್ತು. ಉಗುರಿನ ಸಂದಿ ಎಲ್ಲಾ. ಅಂಗಿ ತೋಳಿನ ಮೇಲೂ."

ಕಿವಿಯಣ್ಣನಿಗೆ ಬಣ್ಣದ ಜೊತೆ ಯಾವತ್ತೂ ವ್ಯವಹಾರ ಇರಲಿಲ್ಲ. ವಾಸನೆ ಹೋದರೆ ಶಾಯಿಯೂ ಹೋಯಿತು ಎಂದೇ ಅವನು ತಿಳಿದಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ, ಅಂಗೈಯನ್ನೇ ಕಾಣದವನಿಗೆ ಯಾರಾದರೂ ಹೇಳಬೇಕಲ್ಲ. ಊರಿನ ಕಲೆಗಳನ್ನೆಲ್ಲ ಗುರುತು ಹಿಡಿಯುವವಳು ಒಬ್ಬಳಿದ್ದಳು, ಅವಳು ಹೇಳಲಿಲ್ಲ.

"ಅವಳಿಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ. ಸ್ಟಾಂಪ್ ಪ್ಯಾಡಿನ ಶಾಯಿ ಇದು ಅಂದ್ಲು. ರಾತ್ರಿ ಅಂಗಿ ಒಗೀತಾ ಅತ್ಲು."

"ಮತ್ತೆ ದಿನಾ ಯಾಕೆ ಕೇಳ್ತಿದ್ಲು, ತಮ್ಮ ಏನಂದ ಅಂತ?"

"ನಾನೂ ಅಮ್ಮನ್ನ ಅದನ್ನೇ ಕೇಳಿದ್ದೆ. ನಾನು ಕೇಳೋದು ನಿಲ್ಲಿಸಿದ್ರೆ, ನಂಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗಿಬಿಡುತ್ತೆ ಅಂದ್ಲು."

ಲ್ಯಾಪ್‌ಟಾಪಿನ ಹೆಂಗಸು ಏನೋ ಹೇಳುತ್ತಲೇ ಇದ್ದಳು. ಮಗಳು ಅದರ ಬಾಯಿ ಮುಚ್ಚಿಸಿ, ಕಣ್ಣೊರೆಸಿಕೊಂಡು, ಬೀರುವಿನ ಮೇಲಿಂದ ಡಬ್ಬಿಯನ್ನು ಇಳಿಸಿ ಅವನ ಕೈಗಿಟ್ಟಳು. ಕಿವಿಯಣ್ಣ ಅದರ ಜಾಲರಿಯ ಮೇಲೆ ಬೆರಳಾಡಿಸಿದ. ಧೂಳು ಕೂತಿತ್ತು. ಅಡುಗೆಮನೆಯ ಬಾಗಿಲಿನ ಕಡೆಗೆ, ಸಂಜೆಯ ಪ್ರಶ್ನೆ ಬರುತ್ತಿದ್ದ ಕಡೆಗೆ, ಮುಖ ತಿರುಗಿಸಿ ಕೂತ. ಪ್ರಶ್ನೆ ಬರಲಿಲ್ಲ. ಆದರೂ ಅವನು ಉತ್ತರ ಹೇಳಿದ, ಡಬ್ಬಿಯ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ.

"ಅವನು ಮಾತು ಬಿಟ್ಟು ಬಹಳ ವರ್ಷ ಆಯ್ತು."